ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಗಾಯಕ್ಕೆ ಪರಿಹಾರ: ಡಿಪೊಸಿಷನ್, ವೈದ್ಯಕೀಯ ಪರೀಕ್ಷೆ ಎದುರಿಸುವ ಕ್ರಮ

ಕೆಲಸದ ಜಾಗದಲ್ಲಿ ಬಿದ್ದೋ, ಭಾರ ಎತ್ತಿಯೋ, ವರ್ಷಗಟ್ಟಲೆ ಕೀಬೋರ್ಡ್ ಬಡಿದೋ ಮೈ ಕೆಡಿಸಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ವರ್ಕರ್ಸ್ ಕಾಂಪೆನ್ಸೇಷನ್ ಕೇಳುವ ನಮ್ಮವರು ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ವಿಮಾ ಕಂಪನಿಯ ವಕೀಲರ ಎದುರು ಪ್ರಮಾಣ ಮಾಡಿ ಹೇಳಿಕೆ ಕೊಡುವ ಡಿಪೊಸಿಷನ್. ಇನ್ನೊಂದು, ಕ್ಯೂಎಂಇ ಎಂದು ಕರೆಯುವ ಮೌಲ್ಯಮಾಪಕ ವೈದ್ಯರ ಪರೀಕ್ಷೆ. ಸುಳ್ಳು ಹೇಳಿ ಸಿಕ್ಕಿಬೀಳುವವರು ವಿರಳ. ಒಂದೇ ಗಾಯದ ವಿವರವನ್ನು ಫಾರಂನಲ್ಲಿ ಒಂದು ಬಗೆ, ಚಿಕಿತ್ಸೆ ಕೊಡುವ ಡಾಕ್ಟರಿಗೆ ಇನ್ನೊಂದು ಬಗೆ, ವಕೀಲರಿಗೆ ಮತ್ತೊಂದು ಬಗೆ ಹೇಳಿ ನಂಬಿಕೆ ಕಳೆದುಕೊಂಡವರೇ ಬಹುಪಾಲು. ಅದರ ಜೊತೆಗೆ ನೋವನ್ನು ನುಂಗಿಕೊಂಡು ಕಡಿಮೆ ಮಾಡಿ ಹೇಳುವ ನಮ್ಮ ಅಭ್ಯಾಸವೂ ಸೇರುತ್ತದೆ.

ಇಲ್ಲಿರುವುದೆಲ್ಲ ಕ್ಯಾಲಿಫೋರ್ನಿಯಾಕ್ಕೆ ಸೇರಿದ್ದು. ಟೆಕ್ಸಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ಗಡುವು, ಹೆಸರು, ವಿಧಾನ ಎಲ್ಲವೂ ಬೇರೆ. ನಿಮಗೆ ವಕೀಲರಿದ್ದರೆ ಅವರ ಮಾತೇ ಅಂತಿಮ.

ಹಂತ 1: ಬಾಯಿ ತೆರೆಯುವ ಮೊದಲು ಕಡತ ಕಟ್ಟಿಕೊಳ್ಳಿ

ಗಾಯವಾದ 30 ದಿನಗಳೊಳಗೆ ಮಾಲೀಕರಿಗೆ ತಿಳಿಸಬೇಕು. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಇಮೇಲ್ ಅಥವಾ ಮೊಬೈಲ್ ಸಂದೇಶ ಕಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ವಿಷಯ ತಿಳಿದ ಮೇಲೆ ಒಂದು ಕೆಲಸದ ದಿನದೊಳಗೆ ಅವರು ಡಿಡಬ್ಲ್ಯುಸಿ-1 ಎಂಬ ಕ್ಲೇಮ್ ಫಾರಂ ಕೊಡಬೇಕು. ಅದನ್ನು ತುಂಬಿ ಹಿಂದಿರುಗಿಸಿದ ದಿನದಿಂದ ವಿಮಾ ಕಂಪನಿಗೆ ಸಾಮಾನ್ಯವಾಗಿ 90 ದಿನ ಸಮಯವಿರುತ್ತದೆ. ಅಷ್ಟರಲ್ಲಿ ತಿರಸ್ಕರಿಸದಿದ್ದರೆ ಗಾಯ ಕೆಲಸದಿಂದಲೇ ಆದದ್ದೆಂದು ಕಾನೂನು ಭಾವಿಸುತ್ತದೆ. ತೀರ್ಮಾನ ಬಾಕಿ ಇರುವಾಗಲೂ 10,000 ಡಾಲರ್‌ವರೆಗಿನ ಚಿಕಿತ್ಸೆಯ ಖರ್ಚು ಅವರದೇ. ಪರಿಹಾರ ಮಂಡಳಿಯಲ್ಲಿ ಪ್ರಕರಣ ದಾಖಲಿಸಲು ಸಾಮಾನ್ಯವಾಗಿ ಗಾಯವಾದ ದಿನದಿಂದ ಒಂದು ವರ್ಷದ ಗಡುವಿದೆ. ವೀಸಾ ಯಾವುದು, ಕಾಗದಪತ್ರ ಇದೆಯೇ ಇಲ್ಲವೇ ಎಂಬುದು ಈ ಹಕ್ಕಿಗೆ ಅಡ್ಡಿಯಾಗುವುದಿಲ್ಲ.

ಕಡತದಲ್ಲಿ ಇರಬೇಕಾದವು: ಕ್ಲೇಮ್ ಫಾರಂನ ಪ್ರತಿ, ಚಿಕಿತ್ಸೆ ಕೊಡುವ ವೈದ್ಯರು ಪ್ರತಿ ಭೇಟಿಯ ನಂತರ ಬರೆದ ವರದಿಗಳು, ‘ಇಷ್ಟು ತೂಕಕ್ಕಿಂತ ಹೆಚ್ಚು ಎತ್ತಬಾರದು’ ಎಂಬಂಥ ನಿರ್ಬಂಧದ ಚೀಟಿಗಳು, ಔಷಧಗಳ ಪಟ್ಟಿ, ವಿಮಾ ಕಂಪನಿಯಿಂದ ಬಂದ ಪ್ರತಿಯೊಂದು ಪತ್ರ. ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ.

ಇಷ್ಟಾದ ಮೇಲೆ ಒಂದೇ ಹಾಳೆಯಲ್ಲಿ ಗಾಯದ ವಿವರ ಬರೆಯಿರಿ. ತಾರೀಖು, ಹೊತ್ತು, ಆಗ ಕೈಯಲ್ಲಿದ್ದ ಕೆಲಸ, ಏನು ಎತ್ತುತ್ತಿದ್ದಿರಿ, ಹೇಗೆ ಬಿದ್ದಿರಿ, ಮೊದಲು ಎಲ್ಲಿ ನೋವು ಬಂತು, ಆಮೇಲೆ ಎಲ್ಲಿಗೆ ಹರಡಿತು, ಮೊದಲು ಯಾರಿಗೆ ಹೇಳಿದಿರಿ. ನೊಂದ ಅಂಗಗಳನ್ನೆಲ್ಲ ಸೇರಿಸಿ. ಫಾರಂನಲ್ಲಿ ‘ಬೆನ್ನು’ ಎಂದಷ್ಟೇ ಬರೆದು ಆರು ತಿಂಗಳ ನಂತರ ಭುಜದ ಮಾತೆತ್ತಿದರೆ, ಭುಜ ನಿಜವಾಗಿ ಅಂದೇ ನೊಂದಿದ್ದರೂ ನಂಬಿಸುವುದು ಕಷ್ಟ. ಬಿಟ್ಟುಹೋಗಿದ್ದರೆ ಮುಂದಿನ ಭೇಟಿಯಲ್ಲೇ ವೈದ್ಯರಿಗೆ ಹೇಳಿ ಬರೆಸಿ.

ಈ ಹಾಳೆಯನ್ನು ವಕೀಲರಿಗೆ ಕೊಡಿ, ಮನೆಯಲ್ಲಿ ಓದಿಕೊಳ್ಳಿ, ಡಿಪೊಸಿಷನ್ ಕೋಣೆಗೆ ಮಾತ್ರ ಒಯ್ಯಬೇಡಿ. ಅಲ್ಲಿ ನೋಡಿಕೊಂಡು ಉತ್ತರಿಸಿದ ಕಾಗದವನ್ನು ಎದುರು ಪಕ್ಷ ತನಗೂ ಕೊಡಿ ಎಂದು ಕೇಳಬಹುದು.

ಇನ್ನು ಹಳೆಯ ಕಾಯಿಲೆಗಳು. ‘ಬೆಂಗಳೂರಿನಲ್ಲಿದ್ದಾಗ ಬೆನ್ನಿಗೆ ಫಿಸಿಯೋಥೆರಪಿ ಮಾಡಿಸಿದ್ದೆ, ಅದು ಇಲ್ಲಿ ಯಾರಿಗೆ ಗೊತ್ತಾಗುತ್ತದೆ’ ಎಂದು ಮುಚ್ಚಿಡುವವರು ಬಹಳ. ಗೊತ್ತಾಗುತ್ತದೆ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಯಾವುದೋ ಕ್ಲಿನಿಕ್ಕಿನ ಫಾರಂನಲ್ಲಿ ನೀವೇ ಬರೆದಿರುತ್ತೀರಿ, ಆ ದಾಖಲೆಗಳನ್ನು ವಿಮಾ ಕಂಪನಿ ಸಮನ್ಸ್ ಮೂಲಕ ತರಿಸಿಕೊಂಡಿರುತ್ತದೆ. ಹಳೆಯ ತೊಂದರೆ ಇದ್ದರೆ ಪರಿಹಾರವೇ ಇಲ್ಲ ಎಂದಲ್ಲ. ಕಾಯಂ ವೈಕಲ್ಯದಲ್ಲಿ ಶೇಕಡಾ ಎಷ್ಟು ಕೆಲಸದಿಂದ, ಎಷ್ಟು ಬೇರೆ ಕಾರಣದಿಂದ ಎಂದು ವೈದ್ಯರು ಪಾಲು ಮಾಡುತ್ತಾರೆ. ಹೇಳಿದರೆ ಆ ಪಾಲಿನಷ್ಟು ಕಡಿಮೆಯಾಗಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತೂ ಬೆಲೆ ಕಳೆದುಕೊಳ್ಳುತ್ತದೆ.

ಹಂತ 2: ಯಾರು ಯಾವ ಪಾತ್ರದಲ್ಲಿದ್ದಾರೆ ಎಂದು ತಿಳಿಯಿರಿ

ಅಡ್ಜಸ್ಟರ್ ಎಂದರೆ ವಿಮಾ ಕಂಪನಿಯ ಪರವಾಗಿ ಕಡತ ನೋಡಿಕೊಳ್ಳುವವರು. ಸೌಜನ್ಯದಿಂದ ಮಾತನಾಡುತ್ತಾರೆ, ಆದರೆ ಫೋನಿನಲ್ಲಿ ಹೇಳಿಕೆಯನ್ನು ಧ್ವನಿಮುದ್ರಣ ಮಾಡಿಕೊಳ್ಳುತ್ತೇವೆ ಎಂದರೆ ‘ವಕೀಲರ ಬಳಿ ಮಾತನಾಡಿ ತಿಳಿಸುತ್ತೇನೆ’ ಎಂದುಬಿಡಿ.

ಚಿಕಿತ್ಸೆ ಕೊಡುವ ವೈದ್ಯರು ಬೇರೆ, ಕ್ಯೂಎಂಇ ಬೇರೆ. ಕ್ಯೂಎಂಇ ನಿಮಗೆ ಔಷಧ ಬರೆಯುವುದಿಲ್ಲ, ಸಮಾಧಾನ ಹೇಳುವುದೂ ಅವರ ಕೆಲಸವಲ್ಲ. ವಿವಾದದ ಪ್ರಶ್ನೆಗಳಿಗೆ ವರದಿ ಬರೆಯಲು ರಾಜ್ಯದ ಪಟ್ಟಿಯಿಂದ ಬಂದವರು ಅವರು. ಎರಡೂ ಕಡೆಯ ವಕೀಲರು ಒಪ್ಪಿ ಆರಿಸಿದ ವೈದ್ಯರಾದರೆ ಅವರನ್ನು ಎಎಂಇ ಎನ್ನುತ್ತಾರೆ. ಇಬ್ಬರ ಮುಂದೆಯೂ ನೀವು ಆಡಿದ ಮಾತು ಗುಟ್ಟಾಗಿ ಉಳಿಯುವುದಿಲ್ಲ, ನೇರ ವರದಿಗೆ ಹೋಗುತ್ತದೆ.

ಹಂತ 3: ವೈದ್ಯರನ್ನು ಆರಿಸುವಾಗ ಗಡುವು ತಪ್ಪಿಸಬೇಡಿ

ಮೂವರು ಕ್ಯೂಎಂಇಗಳ ಪಟ್ಟಿಗೆ ಪ್ಯಾನೆಲ್ ಎಂದು ಹೆಸರು. ಅದಕ್ಕಾಗಿ ಅರ್ಜಿ ಹಾಕಿದವರಿಗೇ ವೈದ್ಯರ ವಿಭಾಗವನ್ನು ಸೂಚಿಸುವ ಅವಕಾಶ: ಮೂಳೆ ತಜ್ಞರೇ, ನರ ತಜ್ಞರೇ, ಮತ್ತೊಂದೇ ಎಂದು. ವಕೀಲರಿಲ್ಲದ ಕಾರ್ಮಿಕರಿಗೆ ಇಲ್ಲಿ ಎರಡು ಸಲ 10 ದಿನದ ಗಡುವು ಬರುತ್ತದೆ. ವಿಮಾ ಕಂಪನಿ ಅರ್ಜಿ ಫಾರಂ ಕಳಿಸಿದ 10 ದಿನಗಳೊಳಗೆ ನೀವು ಸಲ್ಲಿಸದಿದ್ದರೆ ಅವರೇ ಸಲ್ಲಿಸಿ ವಿಭಾಗವನ್ನು ತಾವೇ ಆರಿಸಬಹುದು. ಪಟ್ಟಿ ಹೊರಬಿದ್ದ 10 ದಿನಗಳೊಳಗೆ ಒಬ್ಬರನ್ನು ಆರಿಸಿ, ಸಮಯ ಗೊತ್ತುಪಡಿಸಿ, ವಿಮಾ ಕಂಪನಿಗೆ ತಿಳಿಸದಿದ್ದರೆ ವೈದ್ಯರ ಆಯ್ಕೆಯೂ ಅವರ ಕೈಗೆ ಹೋಗುತ್ತದೆ. ವಕೀಲರಿದ್ದರೆ ಮೂವರಲ್ಲಿ ಒಬ್ಬೊಬ್ಬರ ಹೆಸರನ್ನು ಎರಡೂ ಕಡೆಯವರು ಹೊಡೆದುಹಾಕುತ್ತಾರೆ, ಉಳಿದವರು ಪರೀಕ್ಷಿಸುತ್ತಾರೆ.

ವಕೀಲರನ್ನು ಇಟ್ಟುಕೊಳ್ಳುವ ಯೋಚನೆ ಇದ್ದರೆ ಪರೀಕ್ಷೆಗೆ ಮೊದಲೇ ಇಟ್ಟುಕೊಳ್ಳಿ. ಒಬ್ಬರೇ ಹೋಗಿ ಕ್ಯೂಎಂಇ ಪರೀಕ್ಷೆ ಮುಗಿಸಿ, ವರದಿ ಕೆಟ್ಟದಾಗಿ ಬಂತೆಂದು ಆಮೇಲೆ ವಕೀಲರ ಬಳಿ ಓಡಿದರೆ ಹೊಸ ಪ್ಯಾನೆಲ್ ಸಿಗುವುದಿಲ್ಲ. ಬಹಳ ಮಂದಿ ಪೆಟ್ಟು ತಿನ್ನುವುದು ಇಲ್ಲಿಯೇ. ಶುಲ್ಕಕ್ಕೆ ಹೆದರಬೇಕಾಗಿಲ್ಲ, ಅದು ಮುಂದೆ ಬರುವ ಪರಿಹಾರದ ಹಣದಲ್ಲಿ ಒಂದು ಪಾಲು, ಹೆಚ್ಚಾಗಿ ಶೇ 15ರ ಆಸುಪಾಸು, ಅದಕ್ಕೂ ನ್ಯಾಯಾಧೀಶರ ಒಪ್ಪಿಗೆ ಬೇಕು.

ಹಂತ 4: ದುಭಾಷಿಯನ್ನು ಮೊದಲೇ ಕೇಳಿ

ಇಂಗ್ಲಿಷಿನಲ್ಲಿ ಅಂಗಡಿ, ಬ್ಯಾಂಕು, ಕಚೇರಿ ನಿಭಾಯಿಸುವುದು ಬೇರೆ. ಪ್ರಮಾಣದ ಮೇಲೆ ನೋವನ್ನು ವಿವರಿಸುವುದು ಬೇರೆ. ಸ್ವಲ್ಪ ಅನುಮಾನವಿದ್ದರೂ ಕನ್ನಡ ದುಭಾಷಿಯನ್ನು ಕೇಳಿ. ಡಿಪೊಸಿಷನ್‌ಗೂ ವೈದ್ಯಕೀಯ ಪರೀಕ್ಷೆಗೂ ದುಭಾಷಿಯನ್ನು ಒದಗಿಸುವ ಖರ್ಚು ಎದುರು ಪಕ್ಷದ್ದು. ಕನ್ನಡ ದುಭಾಷಿಗಳು ಕಡಿಮೆ, ಆದ್ದರಿಂದ ತಾರೀಖು ಗೊತ್ತಾದ ದಿನವೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ‘ಭಾರತದವರಲ್ಲವೇ, ಹಿಂದಿ ನಡೆಯುತ್ತದೆ’ ಎಂದು ಹಿಂದಿ ದುಭಾಷಿಯನ್ನು ಕಳಿಸಿದರೆ, ನಿಮಗೆ ಹಿಂದಿ ಪಕ್ಕಾ ಬಾರದಿದ್ದರೆ ಒಪ್ಪಬೇಡಿ. ಗಂಡನೋ ಮಗಳೋ ದುಭಾಷಿಯಾಗುವುದೂ ಬೇಡ. ಮನೆಯವರು ಪ್ರೀತಿಯಿಂದ ತಮ್ಮ ಮಾತನ್ನೂ ಸೇರಿಸಿ ಹೇಳುತ್ತಾರೆ, ಅದು ನಿಮ್ಮ ಮಾತೆಂದು ದಾಖಲಾಗುತ್ತದೆ.

ದುಭಾಷಿ ಬಂದ ಮೇಲೆ ಪೂರ್ತಿ ಕನ್ನಡದಲ್ಲೇ ಉತ್ತರಿಸಿ. ಪ್ರಶ್ನೆ ಇಂಗ್ಲಿಷಿನಲ್ಲಿ ಅರ್ಥವಾದರೂ ಕನ್ನಡದಲ್ಲಿ ಕೇಳುವವರೆಗೆ ಕಾಯಿರಿ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಬೆರೆಸಿದರೆ ದಾಖಲೆ ಗೋಜಲಾಗುತ್ತದೆ.

ಹಂತ 5: ಡಿಪೊಸಿಷನ್

ಇದು ನ್ಯಾಯಾಲಯವಲ್ಲ, ನ್ಯಾಯಾಧೀಶರೂ ಇರುವುದಿಲ್ಲ. ವಕೀಲರ ಕಚೇರಿಯಲ್ಲಿ ಅಥವಾ ವಿಡಿಯೊ ಮೂಲಕ ನಡೆಯುತ್ತದೆ. ಎದುರು ಪಕ್ಷದ ವಕೀಲರು ಕೇಳುತ್ತಾರೆ, ನಿಮ್ಮ ವಕೀಲರು ಪಕ್ಕದಲ್ಲಿರುತ್ತಾರೆ, ಕೋರ್ಟ್ ರಿಪೋರ್ಟರ್ ಪ್ರತಿಯೊಂದು ಮಾತನ್ನೂ ಬೆರಳಚ್ಚಿಸುತ್ತಾರೆ. ಆದರೂ ಪ್ರಮಾಣ ನ್ಯಾಯಾಲಯದ್ದೇ. ಪರಿಹಾರಕ್ಕಾಗಿ ತಿಳಿದೂ ಸುಳ್ಳು ಹೇಳುವುದು ಐದು ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧ. ಹೋಗಿಬರುವ ಖರ್ಚು, ಆ ದಿನ ತಪ್ಪಿದ ಕೂಲಿ, ಹೇಳಿಕೆಯ ಒಂದು ಪ್ರತಿ, ಅಂದಿನ ಮಟ್ಟಿಗೆ ನಿಮ್ಮ ವಕೀಲರ ಶುಲ್ಕ ಇವೆಲ್ಲವನ್ನೂ ಎದುರು ಪಕ್ಷವೇ ಭರಿಸಬೇಕು.

ಬಹುತೇಕ ಪ್ರಕರಣಗಳಲ್ಲಿ ಇದು ಕ್ಯೂಎಂಇ ಪರೀಕ್ಷೆಗೆ ಮೊದಲೇ ನಡೆಯುತ್ತದೆ, ಇಲ್ಲಿ ಹೇಳಿದ್ದರ ಪ್ರತಿಯನ್ನು ಆ ವೈದ್ಯರಿಗೆ ಕಳಿಸುವುದೂ ಉಂಟು. ಹಾಗಾಗಿ ಇವತ್ತಿನ ಮಾತನ್ನು ನಾಳೆ ವೈದ್ಯರು ಓದಿಕೊಂಡು ಕೂತಿರುತ್ತಾರೆ ಎಂದೇ ತಿಳಿದು ಮಾತನಾಡಿ.

ಮೊದಲ ನಿಯಮ, ಪ್ರಶ್ನೆಯನ್ನು ಪೂರ್ತಿ ಕೇಳಿ, ಒಂದು ಉಸಿರು ಬಿಟ್ಟು, ಕೇಳಿದ್ದಕ್ಕಷ್ಟೇ ಉತ್ತರಿಸಿ, ನಿಲ್ಲಿಸಿ. ಆ ವಿರಾಮದಲ್ಲಿ ನಿಮ್ಮ ವಕೀಲರಿಗೆ ಆಕ್ಷೇಪ ಎತ್ತಲು ಸಮಯ ಸಿಗುತ್ತದೆ. ಅವರು ಮಾತೆತ್ತಿದ ಕೂಡಲೇ ನೀವು ಮೌನವಾಗಿ. ಉತ್ತರ ಮುಗಿದ ಮೇಲೆ ಎದುರಿನ ವಕೀಲರು ಸುಮ್ಮನೆ ನಿಮ್ಮನ್ನೇ ನೋಡುತ್ತಾ ಕೂರಬಹುದು. ಸುಮ್ಮನಿರುವುದು ಮರ್ಯಾದೆಯಲ್ಲ ಎನಿಸಿ ನಮ್ಮವರು ಇನ್ನೆರಡು ಮಾತು ಸೇರಿಸುತ್ತಾರೆ, ಮುಂದಿನ ಹತ್ತು ಪ್ರಶ್ನೆ ಆ ಎರಡು ಮಾತಿನಿಂದಲೇ ಹುಟ್ಟುತ್ತವೆ.

ತಲೆ ಅಲ್ಲಾಡಿಸಬೇಡಿ. ನಾವು ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ಆಡಿಸುವುದನ್ನು ಇಲ್ಲಿನವರು ‘ಇಲ್ಲ’ ಎಂದು ತಿಳಿಯುತ್ತಾರೆ. ‘ಹೂಂ’, ‘ಊಹೂಂ’ ಎರಡೂ ಬರಹದಲ್ಲಿ ಒಂದೇ ಥರ ಕಾಣಬಹುದು. ಹೌದು ಅಥವಾ ಇಲ್ಲ ಎಂದು ಬಾಯಿಬಿಟ್ಟು ಹೇಳಿ.

‘ಗೊತ್ತಿಲ್ಲ’ ಎಂದರೆ ಎಂದೂ ತಿಳಿದಿರಲಿಲ್ಲ. ‘ನೆನಪಿಲ್ಲ’ ಎಂದರೆ ತಿಳಿದಿತ್ತು, ಈಗ ಮರೆತಿದೆ. ಯಾವುದು ನಿಜವೋ ಅದನ್ನೇ ಹೇಳಿ. ಅಂದಾಜು ಹೇಳಬಹುದು, ಊಹೆ ಮಾಡಬಾರದು. ನೀವು ದಿನವೂ ಎತ್ತುತ್ತಿದ್ದ ಅಕ್ಕಿ ಚೀಲದ ತೂಕವನ್ನು ಅಂದಾಜಿಸಬಲ್ಲಿರಿ. ಬೇರೆ ಪಾಳಿಯವರು ಏನೆತ್ತುತ್ತಿದ್ದರು ಎಂಬುದು ಊಹೆ. ‘ಯಾವಾಗಲೂ’, ‘ಎಂದಿಗೂ’, ‘ಏನೂ ಆಗುವುದಿಲ್ಲ’ ಎಂಬ ಮಾತುಗಳಿಂದ ದೂರವಿರಿ. ಒಂದು ಉದಾಹರಣೆ ನೋಡಿ.

ಪ್ರಶ್ನೆ: ಮನೆಯಲ್ಲಿ ಅಡುಗೆ ಮಾಡುತ್ತೀರಾ?

ಕೆಡಿಸುವ ಉತ್ತರ: ಇಲ್ಲ, ನನ್ನ ಕೈಯಲ್ಲಿ ಏನೂ ಆಗುವುದಿಲ್ಲ.

ನಿಲ್ಲುವ ಉತ್ತರ: ಮಾಡುತ್ತೇನೆ, ಆದರೆ ಮೊದಲಿನ ಹಾಗಲ್ಲ. ತುಂಬಿದ ಕುಕ್ಕರನ್ನು ಎತ್ತಲು ಆಗುವುದಿಲ್ಲ, ಗಂಡ ಇಳಿಸಿಕೊಡುತ್ತಾರೆ. ಕಾಲು ಗಂಟೆ ನಿಂತರೆ ಕೂರಬೇಕಾಗುತ್ತದೆ.

ಕೇಳಿದ್ದಕ್ಕಷ್ಟೇ ಉತ್ತರಿಸಿ ಎಂದ ಮೇಲೆ ಇಷ್ಟು ವಿವರ ಏಕೆ? ಮಿತಿ ಉತ್ತರದ ಭಾಗವೇ. ಬರೀ ‘ಹೌದು’ ಎಂದರೆ ಮೊದಲಿನಂತೆಯೇ ಅಡುಗೆ ಮಾಡುತ್ತೀರಿ ಎಂದಾಗುತ್ತದೆ. ಮೊದಲ ಉತ್ತರ ಕೊಟ್ಟವರು ತರಕಾರಿ ಚೀಲ ಹಿಡಿದು ಅಂಗಡಿಯಿಂದ ಹೊರಬರುವ ದೃಶ್ಯ ವಿಮಾ ಕಂಪನಿಯ ಬಳಿ ಇದ್ದರಂತೂ ಮುಗಿಯಿತು. ಗುಟ್ಟಾಗಿ ವಿಡಿಯೊ ತೆಗೆಸುವುದು ಇಲ್ಲಿ ಸಾಮಾನ್ಯ. ಲಿವರ್‌ಮೋರ್ ದೇವಸ್ಥಾನದಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ನಿಂತ ಫೋಟೊ ಫೇಸ್‌ಬುಕ್‌ನಲ್ಲಿದ್ದರೆ ಅದೂ ಅವರ ಕಡತದಲ್ಲಿರಬಹುದು. ಈಗ ಹಳೆಯದನ್ನು ಅಳಿಸಲು ಹೋಗಬೇಡಿ, ಸಾಕ್ಷ್ಯ ನಾಶಮಾಡಿದಂತೆ ಕಾಣುತ್ತದೆ. ಹೊಸದನ್ನು ಹಾಕುವುದನ್ನು ನಿಲ್ಲಿಸಿ.

ಇನ್ನೊಂದು ಕುಣಿಕೆ ಪಕ್ಕದ ಸಂಪಾದನೆ. ‘ಬೇರೆ ಏನಾದರೂ ಕೆಲಸ ಮಾಡುತ್ತೀರಾ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನೆಯಿಂದ ಹಬ್ಬದ ಅಡುಗೆ ಮಾಡಿಕೊಡುವುದು, ಮಕ್ಕಳನ್ನು ನೋಡಿಕೊಳ್ಳುವುದು, ಸಂಗೀತ ಪಾಠ ಹೇಳುವುದು, ಸ್ನೇಹಿತರ ಅಂಗಡಿಯಲ್ಲಿ ವಾರಾಂತ್ಯ ಕೂರುವುದು ಇವನ್ನೆಲ್ಲ ನಮ್ಮವರು ಕೆಲಸವೆಂದು ಎಣಿಸುವುದಿಲ್ಲ. ಹಣ ಬಂದಿದ್ದರೆ ಅದು ಕೆಲಸವೇ. ಗಾಯದಿಂದ ಕೆಲಸ ಮಾಡಲಾಗದ ಅವಧಿಗೆ ಕೊಡುವ ತಾತ್ಕಾಲಿಕ ಭತ್ಯೆ ಪಡೆಯುತ್ತಿರುವ ಹೊತ್ತಿನಲ್ಲಿ ಇದನ್ನು ಅಲ್ಲಗಳೆದರೆ ವಂಚನೆಯ ಮೊಕದ್ದಮೆಗೆ ದಾರಿ. ಇಂಥದ್ದೇನಿದ್ದರೂ ಡಿಪೊಸಿಷನ್‌ಗೆ ಕೆಲವು ದಿನ ಮೊದಲೇ ನಿಮ್ಮ ವಕೀಲರಿಗೆ ಹೇಳಿ. ವೀಸಾ ಕುರಿತ ಪ್ರಶ್ನೆ ಬಂದರೆ ಏನು ಮಾಡಬೇಕೆಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.

ಬೆನ್ನು ನೊಂದರೆ ಎದ್ದು ನಿಲ್ಲಿ, ವಿರಾಮ ಕೇಳಿ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ. ಮಂಪರು ತರುವ ಮಾತ್ರೆ ತೆಗೆದುಕೊಂಡಿದ್ದರೆ ಪ್ರಾರಂಭದಲ್ಲೇ ಹೇಳಿ.

ಕೆಲವು ವಾರಗಳ ನಂತರ ಹೇಳಿಕೆಯ ಪ್ರತಿ ಬರುತ್ತದೆ. ಓದದೆ ಸಹಿ ಹಾಕಬೇಡಿ. ತಾರೀಖು, ಎಡ-ಬಲ, ಅಂಗಗಳ ಹೆಸರು, ಔಷಧದ ಹೆಸರು ಇವುಗಳಲ್ಲಿ ತಪ್ಪು ನುಸುಳಿರುತ್ತದೆ. ತಿದ್ದಲು ಗಡುವು ಇದೆ; ಕೊನೆಯ ದಿನ ಯಾವುದೆಂದು ವಕೀಲರನ್ನು ಕೇಳಿ ಬರೆದಿಟ್ಟುಕೊಳ್ಳಿ. ‘ಇಲ್ಲ’ ಎಂದದ್ದನ್ನು ‘ಹೌದು’ ಎಂದು ಬದಲಿಸಿದರೆ ಎದುರು ಪಕ್ಷ ಅದನ್ನೇ ಹಿಡಿದು ಪ್ರಶ್ನಿಸಬಹುದು, ಆದ್ದರಿಂದ ಸರಿಯಾದ ಉತ್ತರ ಅಂದೇ ಬರುವುದು ಮೇಲು.

ಹಂತ 6: ಕ್ಯೂಎಂಇ ಪರೀಕ್ಷೆಯ ದಿನ

ತಪ್ಪಿಸಬೇಡಿ. ಸಕಾರಣವಿಲ್ಲದೆ ಪರೀಕ್ಷೆಗೆ ನಿರಾಕರಿಸಿದರೆ ಪರಿಹಾರವನ್ನು ಅಷ್ಟು ಕಾಲ ತಡೆಹಿಡಿಯಬಹುದು. ಹೋಗಿಬರುವ ಖರ್ಚು ಮತ್ತು ಕೂಲಿ ತಪ್ಪಿದ ದಿನದ ಭತ್ಯೆ ನಿಮ್ಮ ಹಕ್ಕು.

ಎಂಆರ್‌ಐ, ಹಳೆಯ ವರದಿ, ಕುಟುಂಬ ವೈದ್ಯರ ಪತ್ರ ಏನನ್ನೂ ನೀವಾಗಿಯೇ ಆ ವೈದ್ಯರಿಗೆ ಕಳಿಸಬೇಡಿ, ಮೊದಲೇ ಫೋನ್ ಮಾಡಿ ವಿಷಯ ವಿವರಿಸಬೇಡಿ. ಅವರಿಗೆ ಹೋಗುವ ದಾಖಲೆಗಳನ್ನು 20 ದಿನ ಮೊದಲೇ ಎದುರು ಪಕ್ಷಕ್ಕೂ ಕೊಟ್ಟಿರಬೇಕೆಂಬ ನಿಯಮವಿದೆ. ಪರೀಕ್ಷೆಯ ಹೊತ್ತಿನಲ್ಲಿ ಎದುರಾ ಬದುರು ಮಾತನಾಡುವುದಕ್ಕೆ ಮಾತ್ರ ತಡೆಯಿಲ್ಲ.

ದಿನನಿತ್ಯದ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ. ನೋವು ಹೆಚ್ಚು ಕಾಣಲೆಂದು ಬಿಡಬೇಡಿ. ಸೊಂಟದ ಪಟ್ಟಿ, ಊರುಗೋಲು ದಿನವೂ ಬಳಸುತ್ತಿದ್ದರೆ ತನ್ನಿ, ಇಲ್ಲವಾದರೆ ಬೇಡ. ಕಾರಿನಿಂದ ಇಳಿಯುವುದು, ಕುರ್ಚಿಯಿಂದ ಏಳುವುದು, ಶೂ ಬಿಚ್ಚುವುದು ಎಲ್ಲವನ್ನೂ ಗಮನಿಸುತ್ತಿದ್ದಾರೆಂದೇ ಭಾವಿಸಿ.

ಮೊದಲು ಫಾರಂಗಳು. ವಕೀಲರಿಲ್ಲದವರು ತುಂಬಬೇಕಾದ ಅಂಗವೈಕಲ್ಯದ ಪ್ರಶ್ನಾವಳಿಯೊಂದಿದೆ, ಅದನ್ನು ಮನೆಯಲ್ಲೇ ನಿಧಾನವಾಗಿ ತುಂಬಿ ತನ್ನಿ. ನೋವಿನ ಚಿತ್ರವೂ ಸಾಮಾನ್ಯ: ಮನುಷ್ಯನ ಮುಂಭಾಗ, ಹಿಂಭಾಗದ ರೇಖಾಚಿತ್ರದ ಮೇಲೆ ಎಲ್ಲಿ ಚುಚ್ಚುತ್ತದೆ, ಎಲ್ಲಿ ಜೋಮು ಹಿಡಿಯುತ್ತದೆ ಎಂದು ಗುರುತು ಹಾಕಬೇಕು. ಅಡಿಯಿಂದ ಮುಡಿಯವರೆಗೆ ಗೀಚಿಬಿಟ್ಟರೆ ಅತಿಶಯ ಎಂದು ವೈದ್ಯರು ಬರೆಯುತ್ತಾರೆ.

ಆಮೇಲೆ ಮಾತು. ‘ಹೇಗಿದ್ದೀರಿ’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ’ ಎನ್ನುವುದು ನಮ್ಮ ನಾಲಿಗೆಗೆ ಬಂದ ಸೌಜನ್ಯ. ‘ನೋವು ಹೇಗಿದೆ’ ಎಂದರೆ ‘ಪರವಾಗಿಲ್ಲ’. ಇವೆರಡೂ ವರದಿಯಲ್ಲಿ ಗುಣವಾಗಿದೆ ಎಂದು ಕೂರುತ್ತವೆ. ಒಳ್ಳೆಯ ದಿನ ಹೇಗಿರುತ್ತದೆ, ಕೆಟ್ಟ ದಿನ ಹೇಗಿರುತ್ತದೆ, ವಾರದಲ್ಲಿ ಅಂಥವು ಎಷ್ಟು ಎಂದು ಹೇಳಿ. ಕೆಲಸಗಳ ಮೂಲಕ ವಿವರಿಸಿ: ಸೀರೆಯ ನೆರಿಗೆ ಹಿಡಿಯುವುದು, ಚಪಾತಿ ಲಟ್ಟಿಸುವುದು, ನೆಲದ ಮೇಲೆ ಪೂಜೆಗೆ ಕೂತು ಏಳುವುದು, ಕಾರು ಓಡಿಸುವುದು, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ. ನೆಲದ ಮೇಲೆ ಕೂರುವ ರೂಢಿ ಇಲ್ಲಿನ ವೈದ್ಯರಿಗೆ ಹೊಳೆಯುವುದಿಲ್ಲ, ನೀವು ಹೇಳದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ.

ಕೊನೆಗೆ ದೈಹಿಕ ಪರೀಕ್ಷೆ. ಕೈಯ ಹಿಡಿತ ಅಳೆಯಲು ಲೋಹದ ಹಿಡಿಯ ಉಪಕರಣವನ್ನು ಹಲವು ಸಲ ಹಿಸುಕಲು ಹೇಳುತ್ತಾರೆ. ಮನಸ್ಸಿಟ್ಟು ಹಿಸುಕಿದರೆ ಅಂಕಿಗಳು ಹತ್ತಿರ ಹತ್ತಿರ ಬರುತ್ತವೆ, ಬೇಕೆಂದೇ ಸಡಿಲ ಬಿಟ್ಟರೆ ಏರಿಳಿಯುತ್ತವೆ. ಬೆನ್ನು ಬಗ್ಗಿಸುವುದನ್ನೂ ಮತ್ತೆ ಮತ್ತೆ ಅಳೆಯುತ್ತಾರೆ. ಆಗುವಷ್ಟು ಮಾಡಿ, ನೋವು ಶುರುವಾದ ಕಡೆ ನಿಂತು ‘ಇಲ್ಲಿ ನೋವು’ ಎನ್ನಿ. ಹಲ್ಲುಕಚ್ಚಿ ಪೂರ್ತಿ ಬಗ್ಗಿ ತೋರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ವೈದ್ಯರು ಬರೆಯುವುದು ಕೋನದ ಅಳತೆಯನ್ನು, ಹಲ್ಲುಕಚ್ಚಿದ್ದನ್ನಲ್ಲ.

ವೈದ್ಯರು ಕೋಣೆಗೆ ಬಂದ ಸಮಯ, ಹೋದ ಸಮಯ ಗುರುತಿಟ್ಟುಕೊಳ್ಳಿ. ಮೂಳೆ, ಸ್ನಾಯುಗಳ ಪರೀಕ್ಷೆಗೆ ಕನಿಷ್ಠ 20 ನಿಮಿಷ, ಮಾನಸಿಕ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಅವರು ಮುಖತಃ ಕಳೆಯಬೇಕೆಂಬ ನಿಯಮವಿದೆ. ಸಹಾಯಕರ ಜೊತೆ ಕಳೆದ ಹೊತ್ತು, ಕಾಯ್ದ ಹೊತ್ತು ಅದರಲ್ಲಿ ಸೇರುವುದಿಲ್ಲ. ಹೊರಗೆ ಬಂದ ಕೂಡಲೇ ಏನು ಕೇಳಿದರು, ಯಾವ ಅಂಗ ಮುಟ್ಟಿ ನೋಡಿದರು, ಯಾವುದನ್ನು ನೋಡಲೇ ಇಲ್ಲ ಎಂದು ಬರೆದಿಡಿ.

ಹಂತ 7: ವರದಿ ಬಂದ ಮೇಲೆ

ಪರೀಕ್ಷೆಯಾದ 30 ದಿನಗಳಲ್ಲಿ ವರದಿ ಬರಬೇಕು, ಕೆಲವೊಮ್ಮೆ ವಿಸ್ತರಣೆ ಪಡೆಯುತ್ತಾರೆ. ಮೊದಲು ಕೊನೆಯ ಪುಟದಲ್ಲಿರುವ ವೈಕಲ್ಯದ ಶೇಕಡಾವಾರು ನೋಡುವ ಆತುರ ಬೇಡ. ಗಾಯದ ವಿವರ ಸರಿಯಾಗಿದೆಯೇ, ಎಲ್ಲ ಅಂಗಗಳೂ ಬಂದಿವೆಯೇ, ಯಾವ ದಾಖಲೆ ಓದಿದ್ದಾರೆ, ಹಳೆಯ ಕಾಯಿಲೆಗೆ ಎಷ್ಟು ಪಾಲು ಕೊಟ್ಟು ಏನು ಕಾರಣ ಬರೆದಿದ್ದಾರೆ, ಮುಂದಿನ ಚಿಕಿತ್ಸೆ ಬೇಕೆಂದಿದ್ದಾರೆಯೇ ಎಂದು ನೋಡಿ. ಕಾರಣ ಕೊಡದೆ ‘ಅರ್ಧ ವಯಸ್ಸಿನಿಂದ’ ಎಂದು ಬರೆದಿದ್ದರೆ ಪ್ರಶ್ನಿಸಲು ದಾರಿಯಿದೆ. ವೈಕಲ್ಯದ ಅಂಕಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಮಾರ್ಗಸೂಚಿಯ 5ನೇ ಆವೃತ್ತಿಯಂತೆ ಬರುತ್ತದೆ. 2013ರ ಜನವರಿ 1ರಿಂದ ಈಚಿನ ಗಾಯಗಳಿಗೆ ಅದನ್ನು 1.4ರಿಂದ ಗುಣಿಸಿ, ವಯಸ್ಸು, ಉದ್ಯೋಗಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಆದ್ದರಿಂದ ಉದ್ಯೋಗವನ್ನು ‘ರೆಸ್ಟೋರೆಂಟ್ ಕೆಲಸ’ ಎಂದಷ್ಟೇ ಬರೆದು, ನೀವು ದಿನವಿಡೀ ಎತ್ತುತ್ತಿದ್ದ ಪಾತ್ರೆಗಳ ಭಾರವನ್ನು ಕೈಬಿಟ್ಟಿದ್ದರೆ ಅದು ಹಣದ ಮೇಲೂ ಪರಿಣಾಮ ಬೀರಬಹುದು.

ತಪ್ಪು ಕಂಡರೆ ವಕೀಲರಿರುವವರು ಅವರ ಮೂಲಕ ಪೂರಕ ವರದಿ ಕೇಳಿಸಬಹುದು, ಬೇಕಾದರೆ ಆ ವೈದ್ಯರನ್ನೇ ಡಿಪೊಸಿಷನ್‌ಗೆ ಕರೆಸಬಹುದು. ವಕೀಲರಿಲ್ಲದವರು ವರದಿ ಕೈಸೇರಿದ 30 ದಿನಗಳೊಳಗೆ ವಾಸ್ತವಾಂಶಗಳ ತಿದ್ದುಪಡಿಗೆ ಅರ್ಜಿ ಹಾಕಬಹುದು. ಎಡಗೈ ಬದಲು ಬಲಗೈ, ತಪ್ಪು ತಾರೀಖು, ಓದದೆ ಬಿಟ್ಟ ಎಂಆರ್‌ಐ ಇಂಥವಕ್ಕೆ ಅದು ಸಾಕು. ವೈದ್ಯರ ಅಭಿಪ್ರಾಯ ಬದಲಿಸಲು ಆಗದು. ಇನ್ನು, ವೈದ್ಯರು ಬರೆದ ಫಿಸಿಯೋಥೆರಪಿಯನ್ನೋ ಶಸ್ತ್ರಚಿಕಿತ್ಸೆಯನ್ನೋ ವಿಮಾ ಕಂಪನಿಯ ಪರಿಶೀಲಕರು ತಿರಸ್ಕರಿಸಿದರೆ ಕ್ಯೂಎಂಇಯನ್ನು ಕಾಯುತ್ತಾ ಕೂರಬೇಡಿ. ಅದಕ್ಕೆ ಸ್ವತಂತ್ರ ವೈದ್ಯಕೀಯ ಮರುಪರಿಶೀಲನೆ ಎಂಬ ಬೇರೆ ದಾರಿಯಿದೆ, ಗಡುವು ಸಾಮಾನ್ಯವಾಗಿ 30 ದಿನ.

ಫಾರಂ ಯಾವುದು, ಎಲ್ಲಿಗೆ ಕಳಿಸಬೇಕು ಎಂದು ತಿಳಿಯದಿದ್ದರೆ ರಾಜ್ಯದ ವರ್ಕರ್ಸ್ ಕಾಂಪೆನ್ಸೇಷನ್ ವಿಭಾಗದ ಮಾಹಿತಿ ಮತ್ತು ಸಹಾಯ ಅಧಿಕಾರಿಗಳು ಉಚಿತವಾಗಿ ಹೇಳಿಕೊಡುತ್ತಾರೆ. ಸ್ಯಾನ್ ಹೋಸೆ, ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ ಮೊದಲಾದ ಕಡೆ ಜಿಲ್ಲಾ ಕಚೇರಿಗಳಿವೆ. ಹೋಗುವಾಗ ವರದಿಯ ಪ್ರತಿಯ ಜೊತೆಗೆ ಅದು ಬಂದ ಲಕೋಟೆಯನ್ನೂ ಒಯ್ಯಿರಿ. ಗಡುವು ಲೆಕ್ಕ ಹಾಕಲು ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ.